ಗೋಡೆಯಾಚೆಯ ಮಣ್ಣು

ಮೂರನೆಯ ರೊಟ್ಟಿಯನ್ನು ಹೆಂಚಿಗೆ ಹಾಕಿ, ಅದರ ಮೈಮೇಲೆ ಒದ್ದೆ ಅರಿವೆಯಿಂದ ನೀರು ಸವರುತ್ತಿರುವಾಗ ಹೊರಗೆ ಬೈಕು ನಿಂತ ಸದ್ದಾಯಿತು. ಭಾರತಿಯ ಕೈ ಅಲ್ಲೇ ನಿಂತಿತು. ಊಟದ ಹೊತ್ತಿಗೆ ಬರುತ್ತೇನೆಂದು ಫೋನಿನಲ್ಲಿ ಹೇಳಿದ್ದ ಮೇಸ್ತ್ರಿ ಕರೀಂಸಾಬ್ ಬಿಸಿಲೇರುವ ಮೊದಲೇ ಲಿಂಗಸೂಗೂರು ಬಿಟ್ಟಿರಬೇಕು. ಕೈತುಂಬ ಜೋಳದ ಹಿಟ್ಟು. ಮೊದಲು ರೊಟ್ಟಿ ತಿರುವಬೇಕೋ, ಕೈ ತೊಳೆಯಬೇಕೋ, ಬಾಗಿಲು ತೆಗೆಯಬೇಕೋ ತಿಳಿಯದೆ ಅವಳು ಯಾವುದನ್ನೂ ಮಾಡದೆ ಒಂದು ಗಳಿಗೆ ಸುಮ್ಮನೆ ಕುಳಿತಳು. ಜವಳಗೇರಾದ ಆಸ್ಪತ್ರೆಯಲ್ಲಿ ರಕ್ತಪರೀಕ್ಷೆಗೆ ಕೊಟ್ಟು ಬೆಂಚಿನ ಮೇಲೆ ಕಾಯುವ ಬಸುರಿಯರನ್ನು ಅವಳು ದಿನಾ ನೋಡುತ್ತಾಳೆ. ಹೆಸರು ಕೂಗಿದರೂ ಅವರು ಕೂಡಲೇ ಏಳುವುದಿಲ್ಲ. ಸೆರಗು ಸರಿಮಾಡಿಕೊಳ್ಳುತ್ತಾರೆ, ಚಪ್ಪಲಿ ಹುಡುಕುತ್ತಾರೆ. ಇದೇನು ಇವರು ಹೀಗೆ ಎಂದು ನರ್ಸಮ್ಮನಾಗಿ ಅವಳು ಎಷ್ಟೋ ಸಲ ಬೇಸರಪಟ್ಟದ್ದುಂಟು. ಈಗ ರೊಟ್ಟಿ ಸೀದ ವಾಸನೆ ಮೂಗಿಗೆ ಬಡಿದ ಮೇಲೆಯೇ ಅವಳು ಎದ್ದದ್ದು.

ಅಷ್ಟರಲ್ಲಿ ಮಗಳು ಬಾಗಿಲು ತೆಗೆದಿದ್ದಳು. ಅಂಬಿಕಾಗೆ ಎಂಟು ವರ್ಷ. ಶಾಲೆಗೆ ಬೇಸಿಗೆಯ ರಜೆ ಬಿದ್ದಿತ್ತು. ಬಂದವರನ್ನು ನೋಡಿ, ಒಂದು ಮಾತಾಡದೆ, ಬಾಗಿಲ ಪಕ್ಕಕ್ಕೆ ಸರಿದು ನಿಂತಿದ್ದಳು. ಮೊದಲಾಗಿದ್ದರೆ ನೀವು ಯಾರ್ರಿ, ಯಾಕ ಬಂದ್ರಿ, ಆ ಚೀಲದಾಗ ಏನೈತ್ರಿ ಎಂದು ಬಂದವರು ಚಪ್ಪಲಿ ಬಿಡುವುದರೊಳಗೆ ತಪಾಸಣೆ ಮುಗಿಸುತ್ತಿದ್ದ ಹುಡುಗಿ. ಸಂಕ್ರಾಂತಿಯಾದಾಗಿನಿಂದ ಅವಳು ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ.

"ಲಗೂ ಬಂದೆ ಅಂತ ಬೈಕೋಬ್ಯಾಡ ತಂಗಿ," ಎಂದರು ಕರೀಂಸಾಬ್, ತಲೆಗೆ ಸುತ್ತಿದ್ದ ಟವೆಲ್ ಬಿಚ್ಚಿ ಮುಖ ಒರೆಸಿಕೊಳ್ಳುತ್ತ. "ಮಸ್ಕಿಯಾಗ ನನ್ನ ಅಳಿಯಂದು ವೆಲ್ಡಿಂಗ್ ಅಂಗಡಿ ಐತಿ. ಅವನ ಕೂಡ ಕೆಲಸ ಇತ್ತು. ಅಂವ ಇನ್ನೂ ಶಟರ್ ಎತ್ತಿದ್ದಿಲ್ಲ. ಮೊದಲು ನಿಮ್ಮ ಗ್ವಾಡಿನೇ ನೋಡೂಣು ಅಂತ ಬಂದೆ. ರೊಟ್ಟಿ ಹೊತ್ತಿತೇನು?"

"ಒಂದು ಹೋತ್ರಿ."

"ಅದನ್ನ ನನಗ ಇಡು. ನಮ್ಮ ಮನ್ಯಾಗ ದಿನಾ ಅಂಥಾದ್ದೇ ತಿಂತೀನಿ."

ಹಿಂದಿನ ಕೋಣೆಯ ಗೋಡೆ ಒಳಗೆ ಉಬ್ಬತೊಡಗಿ ಎರಡು ಮಳೆಗಾಲ ಕಳೆದಿದ್ದವು. ಅದನ್ನು ಮೊದಲು ತೋರಿಸಿಕೊಟ್ಟದ್ದು ಬಾಬಾಸಾಹೇಬರ ಫೋಟೊ. ಗೋಡೆಯ ಮೇಲ್ಭಾಗದಲ್ಲಿ ಮೊಳೆಗೆ ತೂಗುಹಾಕಿದ್ದ ಆ ದೊಡ್ಡ ಫೋಟೊದ ಕೆಳಗಿನ ಅಂಚು ದಿನದಿಂದ ದಿನಕ್ಕೆ ಮುಂದೆ ಬರತೊಡಗಿತ್ತು. ಎದುರಿಗೆ ನೋಡುತ್ತಿದ್ದ ಅವರು ಕ್ರಮೇಣ ಸೂರನ್ನು ನೋಡತೊಡಗಿದ್ದರು. ದಾರ ಸಡಿಲಾಗಿದೆ ಎಂದುಕೊಂಡು ಭಾರತಿ ದಾರ ಬಿಗಿದಳು; ಮೊಳೆ ಬದಲಿಸಿದಳು. ಆಮೇಲೊಂದು ದಿನ ಮಂಚ ಸರಿಸಿ ಗುಡಿಸುವಾಗ ಗೋಡೆಗೆ ಬೆನ್ನು ತಾಗಿ, ಗೋಡೆ ತಾನಿದ್ದಲ್ಲಿಗೇ ಬಂದು ಮುಟ್ಟಿದಂತಾಗಿ, ತಿರುಗಿ ನೋಡಿದರೆ ಉದ್ದಕ್ಕೂ ಅಡ್ಡ ಬಿರುಕು. ಆ ಫೋಟೊ ಹಿಂದಿನ ಕೋಣೆಗೆ ಬಂದದ್ದೂ ಒಂದು ಸಂಗತಿಯೇ. ಗೃಹಪ್ರವೇಶದ ಹಿಂದಿನ ದಿನ ಗಂಡ ಗಂಗಾಧರ ಅದನ್ನು ಹೆಗಲ ಮೇಲೆ ಹೊತ್ತು ತಂದು ಎಲ್ಲಿ ಹಾಕಲಿ ಎಂದು ಕೇಳಿದಾಗ, ಪಡಸಾಲೆಯಲ್ಲಿ ಬಿಸಿಲು ಬಿದ್ದು ಬಣ್ಣ ಹೋಗುತ್ತದೆ ಎಂದಿದ್ದಳು. ಪಡಸಾಲೆಗೆ ಬಿಸಿಲು ಬೀಳುವುದಿಲ್ಲ. ಅದು ಇಬ್ಬರಿಗೂ ಗೊತ್ತಿತ್ತು. ಅವನು ಒಳಗೆ ಹೋಗಿ ಮೊಳೆ ಹೊಡೆದ. ಬಾಡಿಗೆ ಮನೆ ಹುಡುಕಿದ ವರ್ಷಗಳಲ್ಲಿ ಅದೆಷ್ಟು ಬಾಗಿಲುಗಳ ಮುಂದೆ, ನಿಮ್ಮದು ಯಾವ ಪೈಕಿ ಎಂಬ ಪ್ರಶ್ನೆ ಬಂದ ಮರುಗಳಿಗೆಯೇ, ಅಯ್ಯೋ ಮನಿ ನಿನ್ನೆ ಬ್ಯಾರೆದೋರಿಗೆ ಮಾತಾತಲ್ರೀ ಎಂಬ ಉತ್ತರ ಕೇಳಿ ಅವರು ಬೈಕು ತಿರುಗಿಸಿದ್ದರೋ. ಸ್ವಂತ ಮನೆಯಲ್ಲಿ ಆ ಪ್ರಶ್ನೆ ಇರುವುದಿಲ್ಲ ಎಂದುಕೊಂಡಿದ್ದಳು. ಅದು ಇತ್ತು, ಅವಳ ಬಾಯಿಂದಲೇ ಬಂದು, ಫೋಟೊವನ್ನು ಒಳಗೆ ಕಳಿಸಿತ್ತು.

"ಫೋಟೊ ಇಳಸಬೇಕವಾ," ಎಂದರು ಕರೀಂಸಾಬ್. "ದಾರ ಇಳಿ ಬಿಡಾಕ ಅಡ್ಡ ಆಗತೈತಿ."

ಅವಳೇ ಸ್ಟೂಲು ಹತ್ತಿ ಇಳಿಸಿದಳು. ಸೆರಗಿನಿಂದ ಗಾಜು ಒರೆಸುತ್ತ ಎಲ್ಲಿಡಲಿ ಎಂದು ಸುತ್ತ ನೋಡಿದಳು. ಮಂಚ, ಹಾಸಿಗೆ, ಟ್ರಂಕುಗಳನ್ನೆಲ್ಲ ನಡುವೆ ತಂದು ಹಾಕಿದ್ದರಿಂದ ಕೋಣೆಯಲ್ಲಿ ಕಾಲಿಡಲೂ ಜಾಗವಿರಲಿಲ್ಲ. ಅಂಬಿಕಾ ಕೈ ಚಾಚಿ ಫೋಟೊದ ಇನ್ನೊಂದು ಅಂಚು ಹಿಡಿದುಕೊಂಡಳು. ತಾಯಿ ಮಗಳು ಅದನ್ನು ಪಡಸಾಲೆಗೆ ತಂದು, ಬಾಗಿಲಿಗೆ ಎದುರಿದ್ದ ಒಂದೇ ಒಂದು ಒಳ್ಳೆ ಕುರ್ಚಿಯ ಮೇಲೆ ಕೂರಿಸಿದರು. ಸದ್ಯಕ್ಕೆ, ಎಂದುಕೊಂಡಳು ಭಾರತಿ.

ಕರೀಂಸಾಬ್ ಸೂರಿನ ಹತ್ತಿರ ಮೊಳೆಗೆ ದಾರ ಕಟ್ಟಿ, ದಾರದ ತುದಿಗೆ ಹಿತ್ತಾಳೆಯ ಗುಂಡು ಇಳಿಬಿಟ್ಟು, ಅದು ಅಲುಗಾಡುವುದು ನಿಲ್ಲುವವರೆಗೆ ಕೈಕಟ್ಟಿ ನಿಂತರು. ದಾರ ನೆಟ್ಟಗೆ ನಿಂತ ಮೇಲೆ ಗೋಡೆ ಎಷ್ಟು ಸೊಟ್ಟಗಿದೆ ಎಂದು ಎಲ್ಲರಿಗೂ ಕಂಡಿತು. ನಡುಮಟ್ಟದಲ್ಲಿ ಗೋಡೆ ದಾರವನ್ನು ಮುಟ್ಟಿ, ಇನ್ನೂ ಮುಂದೆ ನೂಕಿತ್ತು. ಇಷ್ಟು ದಿನ ಕಣ್ಣಂದಾಜಿನಲ್ಲಿ ಹೆಚ್ಚು ಕಡಿಮೆ ಮಾಡಿಕೊಂಡು ಬದುಕಿದ್ದವಳಿಗೆ ಆ ದಾರವನ್ನು ನೋಡುವುದು ಕಷ್ಟವಾಯಿತು. ಕರೀಂಸಾಬರ ಬೆರಳು ಬಿರುಕಿನ ಗುಂಟ ಹೋಗಿ, ಗೋಡೆಯಿಂದ ಹೊರಗೆ ಚಾಚಿಕೊಂಡಿದ್ದ ಕಬ್ಬಿಣದ ತುದಿಯೊಂದರ ಮೇಲೆ ನಿಂತಿತು.

"ಇದ್ಯಾರವಾ ಹೊಡದೋರು?"

"ನಮ್ಮ ಮನ್ಯಾಗಿನವರ್ರಿ." ಭಾರತಿಗೆ ನಗುವೂ ನಾಚಿಕೆಯೂ ಒಟ್ಟಿಗೇ ಬಂದವು. "ಹಟ್ಟಿ ಮೈನ್ಸಿನ್ಯಾಗ ಅದಾರ. ಅಲ್ಲಿ ಭೂಮಿ ಒಳಗ ಬಂಡೆಗಲ್ಲು ಉದುರಬಾರದಂತ ರಾಡ್ ಹೊಡೀತಾರಲ್ರಿ, ಹಂಗ ಇಲ್ಲೂ ಹೊಡದ್ರ ನಿಂದರತೈತಿ ಅಂತ, ಹೋದ ದೀಪಾವಳಿ ಸೂಟಿಗೆ ಬಂದಾಗ..."

ಕರೀಂಸಾಬ್ ಆ ರಾಡನ್ನು ಎರಡು ಬೆರಳಿನಿಂದ ಹಿಡಿದು ಎಳೆದರು. ಅದು ಹಲ್ಲುಪುಡಿಯಲ್ಲಿ ನಿಲ್ಲಿಸಿದ ಬ್ರಶ್ಶಿನಂತೆ ಸಲೀಸಾಗಿ ಹೊರಗೆ ಬಂತು. ಅವರ ಹೊಟ್ಟೆ ನಗುವಿನಿಂದ ಕುಲುಕಿತು. "ಅಲ್ಲಿ ಕಲ್ಲು ಕಲ್ಲನ್ನ ಹಿಡಕೊಂತೈತಿ ತಂಗಿ. ಇಲ್ಲಿ ಗ್ವಾಡಿ ಹಿಂದ ಎರಿ ಮಣ್ಣು. ನೀರು ಕುಡದು ಉಬ್ಬತೈತಿ, ಬ್ಯಾಸಗ್ಯಾಗ ಸೀಳತೈತಿ. ಅದು ಯಾರನ್ನೂ ಹಿಡಿಯಂಗಿಲ್ಲ, ನೂಕತೈತಿ. ಸಾಹೇಬ್ರಿಗೆ ಹೇಳು, ಬಂಗಾರದ ಭೂಮಿ ಲೆಕ್ಕ ಬ್ಯಾರೆ, ಭತ್ತದ ಭೂಮಿ ಲೆಕ್ಕ ಬ್ಯಾರೆ ಅಂತ."

ಅಂಬಿಕಾ ಟೇಪಿನ ತುದಿ ಹಿಡಿದು ಗೋಡೆಯ ಮೂಲೆಯಲ್ಲಿ ನಿಂತಿದ್ದಳು. ಕರೀಂಸಾಬ್ ಅವಳಿಗೆ ಅದನ್ನು ಕೊಟ್ಟು, ಬಿಡಬ್ಯಾಡ ಬೇಟಾ ಎಂದಿದ್ದರು, ಅವಳು ಬಿಟ್ಟಿರಲಿಲ್ಲ. ಆ ಮುಷ್ಟಿಯನ್ನು ನೋಡುತ್ತ ಭಾರತಿಗೆ, ಎರಡು ವರ್ಷದ ಹಿಂದೆ ಇದೇ ಗೋಡೆಯ ಆಚೆ ಟ್ರ್ಯಾಕ್ಟರುಗಳು ಮಣ್ಣು ಸುರಿದ ದಿನ ಇದೇ ಹುಡುಗಿ ತಾರಸಿಯ ಕಟ್ಟೆ ಹಿಡಿದು ಕುಣಿದದ್ದು ನೆನಪಾಯಿತು. ಸಿಂಧನೂರಿನ ಈ ಬಡಾವಣೆಯೆಲ್ಲ ಮೊದಲು ಹಿಂದಿನ ಮನೆಯ ಸಂಗಮ್ಮನವರ ಭತ್ತದ ಗದ್ದೆ. ಗದ್ದೆ ಹೋಗಿ ಸೈಟುಗಳಾದ ಮೇಲೂ ಕಾಲುವೆ ಬಿಟ್ಟಾಗ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬರುತ್ತಿತ್ತು. ಅದಕ್ಕೇ ಸಂಗಮ್ಮನವರ ಮಗ ಬಸವಂತರಾಯ ತಮ್ಮ ಹಿತ್ತಿಲನ್ನು ಎತ್ತರ ಮಾಡಿಸಲು ಗದ್ದೆಯದೇ ಮಣ್ಣು ತರಿಸಿದ್ದ. ಭಾರತಿಯ ಗೋಡೆಯೇ ಅವರಿಗೆ ಒಡ್ಡಾಯಿತು. ಮಣ್ಣು ಕಿಟಕಿಯಿಲ್ಲದ ಆ ಗೋಡೆಗೆ ಒರಗಿ ಆಳೆತ್ತರಕ್ಕೆ ಏರುವುದನ್ನು ಅವಳು ತಾರಸಿಯ ಮೇಲೆ ನಿಂತು ನೋಡಿದ್ದಳು. ನಮ್ಮ ಗ್ವಾಡಿಗೆ ಹಾಕಬ್ಯಾಡ್ರಿ ಎಂದು ಒಂದು ಮಾತು ಕೂಗಿದ್ದರೆ ಸಾಕಿತ್ತು. ಕೂಗಿದರೆ ಅವರು ತಲೆಯೆತ್ತಿ ನೋಡುತ್ತಿದ್ದರು. ಮಾತಿಗೆ ಮಾತು ಬೆಳೆಯುತ್ತಿತ್ತು. ಎಲ್ಲಿಯವರು, ಯಾರ ಪೈಕಿ ಎನ್ನುವುದು ನಾಲ್ಕನೆಯ ಮಾತಿಗೋ ಐದನೆಯ ಮಾತಿಗೋ ಬರುತ್ತಿತ್ತು. ಒಣಗಿದ ಬಟ್ಟೆ ತೆಗೆದುಕೊಂಡು ಅವಳು ಕೆಳಗಿಳಿದು ಬಂದಳು. ಮಣ್ಣು ಬಿದ್ದ ಮೇಲೆ ಕೋಣೆ ತಂಪಾಯಿತು ಎಂದು ಗಂಗಾಧರನಿಗೆ ಹೇಳಿದ್ದಳು ಕೂಡ. ಅವನೂ ಹೌದು ಹೌದು, ತಂಪಾತು ಎಂದಿದ್ದ. ಗೋಡೆ ಆ ಬೇಸಿಗೆಯಲ್ಲಿ ಸುಮ್ಮನಿತ್ತು. ಮಳೆ ಬಿದ್ದು, ಕಾಲುವೆ ಬಂದು, ಮಣ್ಣು ಕುಡಿಯತೊಡಗಿದ ಮೇಲೆ ಅವರ ಮೌನವೆಲ್ಲ ಮಂಚದ ಕಡೆಗೆ ನಿಧಾನವಾಗಿ ಬರತೊಡಗಿತು.

"ಕೆಡವಬೇಕೇನ್ರಿ?" ಎಂದು ಕೇಳಿಯೇಬಿಟ್ಟಳು. ಊರಿನ ಮೇಸ್ತ್ರಿಯೊಬ್ಬ ಹಾಗೆಂದು ಹೇಳಿ ಹೋದಾಗಿನಿಂದ ಆ ಪದ ಅವಳ ನಿದ್ದೆಯಲ್ಲಿತ್ತು.

"ಯಾಕ ಕೆಡವತಿ? ಬುಡ ಗಟ್ಟಿ ಐತಿ. ನಡ ಬಾಗೈತಿ ಅಷ್ಟ. ನಡ ಬಾಗಿದೋರನ್ನೆಲ್ಲಾ ಕೆಡವಿದ್ರ ನನ್ನಂಥೋರ ಗತಿ ಏನು?" ಕರೀಂಸಾಬ್ ಟೇಪು ಸುತ್ತಿಕೊಳ್ಳುತ್ತ ನೆಲದ ಮೇಲೆ ಕೂತರು. ಸುಣ್ಣದ ತುಂಡಿನಿಂದ ಬಂಡೆಗಲ್ಲಿನ ಮೇಲೆ ಗೀಟು ಎಳೆದು ತೋರಿಸಿದರು. ಇದು ಗೋಡೆ. ಒಳಗಿನಿಂದ ಕಬ್ಬಿಣದ ಒಂದು ಪ್ಲೇಟು. ಅದರ ನಡುವಿನಿಂದ ಉದ್ದನೆಯ ರಾಡು ಗೋಡೆ ದಾಟಿ, ಉಬ್ಬುವ ಮಣ್ಣನ್ನೂ ದಾಟಿ ದೂರ ಹೋಗಬೇಕು. ಅಲ್ಲಿ ಗುಂಡಿ ತೋಡಿ, ಹಳೆಯ ಗಟ್ಟಿ ನೆಲದಲ್ಲಿ ಇನ್ನೊಂದು ಪ್ಲೇಟನ್ನು ನಿಲ್ಲಿಸಿ ಹೂಳಬೇಕು. ಇಂಥವು ನಾಲ್ಕು. ಆಮೇಲೆ ಈ ಕಡೆಯಿಂದ ನಟ್ಟು ಬಿಗಿಯುವುದು. "ಒಮ್ಮಿಗೇ ಬಿಗಿಬಾರದು. ಗ್ವಾಡಿ ಸಿಟ್ಟಿಗೇಳತೈತಿ. ಈಗ ಕಾಲುವಿ ಬಂದ್ ಆಗೈತಿ, ಮಣ್ಣು ಒಣಗಿ ಸೀಳಾಕ ಹತ್ತೈತಿ. ಮುಂದಿನ ತಿಂಗಳು ಹಾಕೂಣು. ಒಂದೆರಡು ತಿರುವು ಬಿಗದು ಬಿಡೂಣು. ಮತ್ತ ಬರೋ ವರ್ಷ ಕಾಲುವಿ ಬಂದ್ ಆದಾಗ ಇನ್ನೊಂದು ಚೂರು. ಹಂಗ ವರ್ಷಾ ವರ್ಷಾ ಸಮಾಧಾನ ಮಾಡಿಕೋತ ಹೋದ್ರ ಬಂದ ದಾರಿ ಹಿಡದು ವಾಪಸ್ ಹೋಗತೈತಿ."

ಭಾರತಿ ಗೋಡೆಗೆ ಅಂಗೈ ಊರಿ ನಿಂತಳು. ಕೆಡವಬೇಕಿಲ್ಲ. ಹಸಿವಾದದ್ದು ಗೊತ್ತಾಯಿತು, ಬೆಳಗಿನಿಂದ ಚಹಾ ಕೂಡ ಕುಡಿದಿರಲಿಲ್ಲ. ಕೇಳಿದೆಯಾ ಎನ್ನುವಂತೆ ಮಗಳ ಕಡೆ ನೋಡಿದಳು. ಮಗಳು ಸುಣ್ಣದ ಗೀಟನ್ನು ನೋಡುತ್ತಿದ್ದಳು. ದೂರದ ಪ್ಲೇಟು ಎಂದು ಕರೀಂಸಾಬ್ ಬರೆದ ಚೌಕದ ಮೇಲೆ ಅವಳ ಕಣ್ಣು ನಿಂತಿತ್ತು. ಆಗ ಭಾರತಿಗೂ ಅರ್ಥವಾಯಿತು, ಆ ಚೌಕ ಎಲ್ಲಿ ಬೀಳುತ್ತದೆ ಎಂದು.

"ಆ ಕಡೆ ಜಾಗ ನಿಮ್ಮದಲ್ಲಲ್ಲ?" ಎಂದರು ಕರೀಂಸಾಬ್. "ಬರೂ ಮುಂದ ನೋಡಿದೆ. ದನ ನೀರು ಕುಡಿಯೂ ಬಾನಿ ಐತಿ ಅಲ್ಲಿ. ಸರಿಯಾಗಿ ಅದರ ಬುಡಕ್ಕ ಬರತಾವ ಎರಡು ಪ್ಲೇಟು. ಮ್ಯಾಲೆ ಆ ಬಾನಿ ನೀರು ಚೆಲ್ಲಿ ಚೆಲ್ಲಿ ಮಣ್ಣು ಒಣಗಾಕ ಬಿಡವಲ್ದು. ಅದನ್ನೂ ಜರುಗಸಬೇಕು. ಕೇಳಬೇಕಲ್ಲವಾ ಅವರನ್ನ."

ಆ ಬಾನಿ. ಸಂಕ್ರಾಂತಿಯ ದಿನ ಅವಳು ಶೇಂಗಾ ಹೋಳಿಗೆ ಮಾಡಿದ್ದಳು; ಅಂಚು ಒಡೆಯದೆ, ಕಾಗದದಂತೆ ತೆಳ್ಳಗೆ ಬಂದಿದ್ದವು. ಅದೇ ಖುಷಿಯಲ್ಲಿ, ಯೋಚಿಸಲು ಪುರಸೊತ್ತು ಕೊಟ್ಟುಕೊಳ್ಳದೆ, ಒಂದು ತಟ್ಟೆಯಲ್ಲಿಟ್ಟು ಮುಚ್ಚಿ, ಹಿಂದಿನ ಮನೆಯ ಅಜ್ಜಿಗೆ ಕೊಟ್ಟು ಬಾ ಎಂದು ಮಗಳನ್ನು ಕಳಿಸಿದಳು. ಆಮೇಲೆ ಮನಸ್ಸು ತಡೆಯದೆ ತಾರಸಿ ಹತ್ತಿದಳು. ಸಂಗಮ್ಮ ಬಾಗಿಲಿಗೆ ಬಂದು, ನಕ್ಕು, ಹುಡುಗಿಯ ಗಲ್ಲ ಸವರಿ, ತಟ್ಟೆ ತೆಗೆದುಕೊಂಡು ಒಳಗೆ ಹೋದದ್ದು, ತಟ್ಟೆಯಲ್ಲಿ ಒಂದು ಮುಷ್ಟಿ ಸಕ್ಕರೆ ಹಾಕಿ ವಾಪಸು ಕೊಟ್ಟದ್ದು ಕಂಡಿತು. ಅಂಬಿಕಾ ಕೂಡಲೇ ಬರಲಿಲ್ಲ. ಕರುವನ್ನು ನೋಡಲು ಹಿತ್ತಿಲ ಕಡೆ ಹೋಗಿ ಬಣವೆಯ ಮಗ್ಗುಲಲ್ಲಿ ನಿಂತಳು. ಆಗ ಸಂಗಮ್ಮ ಹಿಂಬಾಗಿಲಿನಿಂದ ಬಂದು ಹೋಳಿಗೆಗಳನ್ನು ಮುರಿಯದೆ, ಒಂದೊಂದಾಗಿ, ಬಾನಿಯ ಕಲಗಚ್ಚಿನಲ್ಲಿ ಬಿಟ್ಟರು. ಆಕಳು ಮೂತಿ ಇಳಿಸಿತು. ಬಣವೆಯ ಮಗ್ಗುಲಲ್ಲಿ ಮಗಳು ನೋಡಿದಳು; ತಾರಸಿಯ ಮೇಲೆ ತಾಯಿ, ಮಗಳು ನೋಡಿದ್ದನ್ನು ನೋಡಿದಳು. ಕೆಳಗಿಳಿದು ಬರುವಷ್ಟರಲ್ಲಿ ಹೊರಗಿನ ನಲ್ಲಿಯಲ್ಲಿ ಹುಡುಗಿ ತಟ್ಟೆಯನ್ನು ತಾನೇ ತಿಕ್ಕಿ ತೊಳೆಯುತ್ತಿದ್ದಳು. ಅಜ್ಜಿ ಏನಂದ್ರು ಎಂದರೆ, ಚೊಲೋ ಆಗ್ಯಾವ ಅಂದ್ರು, ಎಂದಳು. ಸಂಜೆ ನಲ್ಲಿಯ ಬಳಿ ಇರುವೆ ಸಾಲುಗಟ್ಟಿದ್ದವು.

ಅಂದಿನಿಂದ ಭಾರತಿ ಕಾಯುತ್ತಿದ್ದಳು. ಮಗಳು ಇವತ್ತು ಕೇಳುತ್ತಾಳೆ, ತಲೆ ಬಾಚುವಾಗ ಕೇಳುತ್ತಾಳೆ, ಊಟಕ್ಕೆ ಕೂತಾಗ ಕೇಳುತ್ತಾಳೆ ಎಂದು ಉತ್ತರಗಳನ್ನು ಸಿದ್ಧಮಾಡಿ ಇಟ್ಟುಕೊಂಡಿದ್ದಳು. ಮೊದಲ ತುತ್ತು ಆಕಳಿಗೆ ಹಾಕುವುದು ಅವರ ಪದ್ಧತಿ. ಅದು ನಿಜವೂ ಇರಬಹುದು. ಅಜ್ಜಿಗೆ ಸಕ್ಕರೆ ಕಾಯಿಲೆ. ಅದೂ ಇರಬಹುದು, ಗೊತ್ತಿಲ್ಲ. ಮೂರನೆಯ ಉತ್ತರವೊಂದಿತ್ತು, ಅದರ ಮೊದಲ ಪದವೇ ಅವಳಿಗೆ ಸಿಗುತ್ತಿರಲಿಲ್ಲ. ತವರೂರು ವಳಕಮದಿನ್ನಿಯಲ್ಲಿ ತಾನೂ ಇಷ್ಟೇ ಇದ್ದಾಗ, ನಾಟಿ ಮುಗಿಸಿ ಬರುವ ದಾರಿಯಲ್ಲಿ, ಹೋಟೆಲಿನವನು ಅವ್ವನಿಗೆ ಮಾತ್ರ ಬೇರೆ ಲೋಟದಲ್ಲಿ ಚಹಾ ಹಾಕಿದ್ದನ್ನು ಕಂಡು ಕೇಳಲು ಬಾಯಿ ತೆರೆದದ್ದು, ಅವ್ವ ಜೋಗಮ್ಮ ಕೆಸರು ವಾಸನೆಯ ಕೈಯಿಂದ ಆ ಬಾಯನ್ನು ಮುಚ್ಚಿದ್ದು ನೆನಪಿತ್ತು. ಹೊಡೆಯಲಿಲ್ಲ, ಬೈಯಲಿಲ್ಲ, ಮೆತ್ತಗೆ ಮುಚ್ಚಿದಳು ಅಷ್ಟೆ. ಆಮೇಲೆ ಬೆಲ್ಲ ಕೊಡಿಸಿದಳು. ಭಾರತಿ ಮತ್ತೆ ಕೇಳಲಿಲ್ಲ. ಓದಿದಳು, ನರ್ಸಾದಳು, ಅದೇ ಊರಿನ ಓಣಿಗಳಲ್ಲಿ ಕೂಸುಗಳಿಗೆ ಸೂಜಿ ಮಾಡುತ್ತ ತಿರುಗಿದಳು. ಕಟ್ಟೆಯ ಮೇಲೆ ಚಾಪೆ ಹಾಸಿ, ಇಲ್ಲೇ ತಂಪೈತಿ ಕುಂದರ್ರಿ ಸಿಸ್ಟರ್ ಎಂದವರ ಮನೆಯಲ್ಲಿ, ಹೌದು, ಇಲ್ಲೇ ತಂಪೈತಿ ಎಂದಳು. ಅವರ ಕೂಸು ಅವಳ ತೊಡೆಯ ಮೇಲಿರುತ್ತಿತ್ತು. ಕೇಳದೆ ಇರುವುದು ಅವಳಿಗೆ ಒಂದು ಕಸುಬಿನಂತೆ ಕೈಗೆ ಹತ್ತಿತ್ತು. ಮಗಳು ಅದನ್ನು ಯಾರೂ ಕಲಿಸದೆ ಕಲಿಯುತ್ತಿದ್ದಾಳೆ ಎನ್ನುವುದೇ ಅವಳನ್ನು ಹೆದರಿಸಿದ್ದು. ಬಿರುಕಿಗಿಂತ ಹೆಚ್ಚು.

"ನಾ ಕೇಳಲೇನು?" ಎಂದರು ಕರೀಂಸಾಬ್. "ಅವರ ಹೊಲದ ಬಾವಿ ಕಟ್ಟಿಸಿಕೊಟ್ಟೋನು ನಾನು. ಗುರುತು ಅದಾರ."

ಕೇಳ್ರಿ ಎಂದು ಎಷ್ಟು ಬೇಗ ಅಂದಳೆಂದರೆ ಅವಳಿಗೇ ನಾಚಿಕೆಯಾಯಿತು. ಅವರು ತಾರಸಿ ಹತ್ತಿ, ಸಂಗಮ್ಮಕ್ಕಾ, ಏ ಸಂಗಮ್ಮಕ್ಕಾ, ಬದುಕೀಯೇನು ಎಂದು ಕೂಗುವುದು ಕೇಳಿತು. ಆ ಕಡೆಯಿಂದ, ನಿನ್ನ ಮಣ್ಣು ಮಾಡಿ ಹೋಗ್ತೀನಿ ಸಾಯಬಾ, ಎಂದು ಉತ್ತರ ಬಂತು. ಅಷ್ಟು ಸಲೀಸು. ಇಷ್ಟು ವರ್ಷ ಅವಳು ಬಟ್ಟೆ ಒಣಹಾಕಿದ ಅದೇ ತಾರಸಿಯಿಂದ. ಗಂಗಾಧರನಿಗೆ ಫೋನು ಮಾಡಿದಳು. ಅವನು ಪಾಳಿ ಮುಗಿಸಿ ಕ್ವಾರ್ಟರ್ಸಿನಲ್ಲಿ ಮಲಗುವ ಹೊತ್ತು, ಧ್ವನಿಯಲ್ಲಿ ನಿದ್ದೆಯಿತ್ತು.

"ಕೆಡವೋದು ಬ್ಯಾಡಂತ," ಎಂದಳು.

ಆ ಕಡೆ ಅವನು ಉಸಿರು ಬಿಟ್ಟದ್ದು ಕೇಳಿತು. "ನನ್ನ ರಾಡು ನೋಡಿ ಏನಂದ್ರು?"

"ನಕ್ಕರು."

"ನಗಲಿ ಬಿಡು. ನಾನೂ ಹೊಡಿಯಾಕತ್ತಾಗ ನಗಾಕತ್ತಿದ್ದೆ." ಆಮೇಲೆ, "ಬಾಬಾಸಾಹೇಬರನ್ನ ಎಲ್ಲಿಟ್ಟಿ?" ಎಂದ.

"ಪಡಸಾಲ್ಯಾಗ. ಕುರ್ಚಿ ಮ್ಯಾಲೆ."

ಮೇಲೆ ಸಂಗಮ್ಮನವರನ್ನು ಕೇಳುತ್ತಿದ್ದಾರೆ ಎಂದು ಹೇಳಬೇಕೆನ್ನುವಷ್ಟರಲ್ಲಿ ಕರೀಂಸಾಬರು ಮೆಟ್ಟಿಲಿಳಿದು, "ಬರಾಕತ್ತ್ಯಾಳ ಮುದುಕಿ, ತಾನೇ ಕಣ್ಣಾರೆ ನೋಡತಾಳಂತ," ಎಂದರು. ಭಾರತಿ ಫೋನು ಇಟ್ಟಳು. ಪಡಸಾಲೆಗೆ ಬಂದು ಫೋಟೊದ ಮುಂದೆ ನಿಂತಳು. ಎತ್ತಿ ಅಡುಗೆಮನೆಯಲ್ಲಿ ಇಡಲು ಸಮಯವಿತ್ತು. ಕೈ ಮುಂದೆ ಹೋಯಿತು. ಬಾಗಿಲ ಪಕ್ಕದಲ್ಲಿ ಅಂಬಿಕಾ ನಿಂತು ಆ ಕೈಯನ್ನು ನೋಡುತ್ತಿದ್ದಳು. ಭಾರತಿ ಫೋಟೊದ ಗಾಜಿನ ಮೇಲೆ ಇಲ್ಲದ ಧೂಳನ್ನು ಒರೆಸಿ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು.

ಸಂಗಮ್ಮ ಹೊಸ್ತಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದರು. ಹಣೆತುಂಬ ವಿಭೂತಿ, ಇಳಕಲ್ ಸೀರೆ, ಏದುಸಿರು. ಬಂದವರೇ ಕೂರಲು ಕುರ್ಚಿಯ ಕಡೆ ತಿರುಗಿ, ಅಲ್ಲಿ ಫೋಟೊ ಕಂಡು ನಿಂತರು. ಭಾರತಿ ತೆಗೆಯಲು ಮುಂದಾದಳು.

"ಇರಲಿ ಬಿಡವಾ, ಅವರೇ ಕುಂದರಲಿ," ಎಂದು ಸಂಗಮ್ಮ ಪಡಸಾಲೆಯ ಸಣ್ಣ ಮಂಚದ ಮೇಲೆ ಕೂತರು. "ನಮ್ಮ ಬಸವಂತನ ಆಫೀಸಿನ್ಯಾಗೂ ಐತಿ ಇದು. ಇಷ್ಟು ದೊಡ್ಡದಲ್ಲ." ಅಷ್ಟೇ. ಮೊಳಕಾಲು ಒತ್ತಿಕೊಂಡು, ಬಿಸಿಲಿಗೆ ಬೈದು, ಎದ್ದು ಒಳಗೆ ನಡೆದರು. ಭಾರತಿ ಹಿಂದೆ ಹೋದಳು. ಆ ಮಾತನ್ನು ಎತ್ತಿ, ತಿರುವಿ, ಬೆಳಕಿಗೆ ಹಿಡಿದು ನೋಡಿದಳು. ಅದರಲ್ಲಿ ಮುಳ್ಳು ಸಿಗಲಿಲ್ಲ. ಹೂವೂ ಇರಲಿಲ್ಲ. ನೀವು ಯಾರೆಂದು ನಮಗೆ ಮೊದಲ ದಿನದಿಂದ ಗೊತ್ತಿದೆ ಎನ್ನುವ ಸಾದಾ ಸಂಗತಿಯಿತ್ತು. ಇಷ್ಟು ವರ್ಷ ಒಳಕೋಣೆಯಲ್ಲಿ ಮುಚ್ಚಿಟ್ಟದ್ದು ಯಾರಿಂದ ಹಾಗಾದರೆ? ನಗಬೇಕೆನಿಸಿತು. ಹೆಗಲ ಮೇಲಿಂದ ಏನೋ ಇಳಿಯಿತು, ಇಳಿದ ಜಾಗ ಉರಿಯಿತು.

ಸಂಗಮ್ಮ ಗೋಡೆಯ ಉಬ್ಬಿನ ಮೇಲೆ, ಗಬ್ಬದ ಆಕಳ ಹೊಟ್ಟೆ ಮುಟ್ಟಿ ನೋಡುವಂತೆ, ಅಂಗೈ ಇಟ್ಟರು.

"ಇದು ನಮ್ಮ ಮಣ್ಣಿನ ಕೆಲಸ," ಎಂದರು. "ಆ ಹೊಲದ ಎರಿ ನನಗ ಗೊತ್ತೈತಿ. ನಾಕು ಬೆಳಿ ಬೆಳದೀನಿ ಅದರಾಗ. ಟ್ರ್ಯಾಕ್ಟರ್ ಬಂದಾಗ ನಾ ಊರಾಗ ಇದ್ದಿಲ್ಲ. ಅಂವಗ ಬುದ್ಧಿ ಇಲ್ಲ, ನಿನಗರ ಬಾಯಿ ಇದ್ದಿಲ್ಲೇನು? ಒಂದು ಮಾತು ಅನಬೇಕಿತ್ತು ನೀ. ಯಾಕ ಸುಮ್ಮನಿದ್ದಿ?"

ಭಾರತಿ ತನ್ನ ಮನೆಯಲ್ಲಿ, ತನ್ನ ಗೋಡೆಯ ಮುಂದೆ, ತಪ್ಪು ಮಾಡಿದ ವಿದ್ಯಾರ್ಥಿನಿಯಂತೆ ನಿಂತಿದ್ದಳು. ಯಾಕೆ ಎನ್ನುವುದು ನಿಮಗೆ ಗೊತ್ತಿಲ್ಲವೇ ಎಂದು ನಾಲಿಗೆಯ ತುದಿಗೆ ಬಂದು ನಿಂತಿತು. "ಏನೋ ಆತ್ರಿ," ಎಂದಳು.

"ಏನೋ ಆತ್ರಿ ಅಂದ್ರ ಗ್ವಾಡಿ ಕೇಳತೈತೇನು?" ಕರೀಂಸಾಬರ ಕಡೆ ತಿರುಗಿ, "ಏನು ಮಾಡಬೇಕಂತಿ ಮಾಡು ಸಾಯಬಾ. ಬಾನಿ ಏನು ಲಿಂಗ ಅಲ್ಲ, ಸ್ಥಾಪನ ಮಾಡಿದ್ದು ಕೀಳಬಾರದು ಅನ್ನಾಕ. ಆ ಬೇವಿನ ಗಿಡದ ಕಡೆ ಜರುಗಸು. ಎಲ್ಲಿ ಬೇಕಲ್ಲಿ ತೋಡು. ಬಸವಂತಗ ನಾ ಹೇಳತೀನಿ. ಕಾಲುವಿ ನೀರು ಬರೂದ್ರಾಗ ಮುಚ್ಚಿ ಕೊಡು, ನನ್ನ ಆಕಳ ಕಾಲು ಬಿದ್ದೀತು."

ಹಾಗೆ ಮುಗಿಯಿತು. ಯಾವ ವಾದಕ್ಕೂ ಅವಳು ಸಿದ್ಧಳಾಗಬೇಕಿರಲಿಲ್ಲ. ಅಡುಗೆಮನೆಗೆ ಬಂದು ಚಹಾಕ್ಕೆ ನೀರಿಟ್ಟು, ಸಕ್ಕರೆ ಎಷ್ಟು ಹಾಕಿದೆನೆಂದು ಮರೆತು ಮತ್ತೊಂದು ಚಮಚ ಹಾಕಿದಳು. ಅವರ ನೆಲದಡಿ ತಮ್ಮ ಕಬ್ಬಿಣ ಇರುತ್ತದೆ. ತಮ್ಮ ಗೋಡೆ ಅವರ ನೆಲವನ್ನು ಹಿಡಿದು ನಿಲ್ಲುತ್ತದೆ. ಮಗಳು ಮತ್ತೆ ಆ ಕೋಣೆಯಲ್ಲಿ ಮಲಗಬಹುದು. ಇದಕ್ಕಿಂತ ಇನ್ನೇನು ಬೇಕು ಎಂದು ಕೇಳಿಕೊಂಡಳು, ಹಾಗೆ ಕೇಳಿಕೊಂಡದ್ದೇ ಏನೋ ಬೇಕು ಎನ್ನುವುದಕ್ಕೆ ಸಾಕ್ಷಿಯೆಂದು ಗೊತ್ತಾಗಿ ಸುಮ್ಮನಾದಳು. ಕಪ್ಪುಗಳನ್ನು ಆರಿಸುವಾಗ ಒಂದು ಗಳಿಗೆ, ಹೊಸ ಸ್ಟೀಲಿನ ಲೋಟವೋ ಪಿಂಗಾಣಿಯದೋ ಎಂದು ಯೋಚಿಸಿ, ದಿನಾ ತಾನು ಕುಡಿಯುವ ಕಪ್ಪುಗಳಲ್ಲೇ ಸುರಿದಳು.

ಕರೀಂಸಾಬ್ ಕಪ್ಪು ತೆಗೆದುಕೊಂಡು, ಸೀದ ರೊಟ್ಟಿಯನ್ನು ಕೇಳಿ ಪಡೆದು, ಚಹಾದಲ್ಲಿ ಅದ್ದಿ ತಿನ್ನತೊಡಗಿದರು. ಪಡಸಾಲೆಗೆ ಮರಳಿ ಗಳಿಗೆ ಕೂತಿದ್ದ ಸಂಗಮ್ಮ ಆಗಲೇ ಮಂಚದಿಂದ ಎದ್ದಿದ್ದರು.

"ಬ್ಯಾಡವಾ," ಎಂದರು. "ಇವತ್ತು ಸೋಮಾರ. ಒಪ್ಪತ್ತು ಐತಿ ನನಗ. ಹೊತ್ತು ಮುಣಗೂತನಕ ಬಾಯಾಗ ಏನೂ ಹಾಕಂಗಿಲ್ಲ."

"ಒಂದು ಗುಟುಕು ಕುಡದ್ರ ಶಿವ ನೋಡಂಗಿಲ್ಲ ಬಿಡಕ್ಕಾ," ಎಂದರು ಕರೀಂಸಾಬ್ ತುಂಬಿದ ಬಾಯಲ್ಲಿ.

"ನೀ ರೋಜಾದಾಗ ಕುಡಿ, ಆಮ್ಯಾಗ ನನಗ ಹೇಳು."

ಇಬ್ಬರೂ ನಕ್ಕರು. ಭಾರತಿ ಕಪ್ಪು ಹಿಡಿದುಕೊಂಡೇ ನಿಂತಿದ್ದಳು. ಕೆನೆ ಕಟ್ಟುತ್ತಿತ್ತು. ಸೋಮವಾರ ಹೌದು. ಶಿವನ ವಾರ ಹೌದು. ಒಪ್ಪತ್ತು ಮಾಡುವವರ ಬಳಲಿಕೆ ಆ ಮುಖದಲ್ಲಿ ಇದ್ದಂತೆಯೂ ಇತ್ತು, ಬರೀ ಬಿಸಿಲಿನ ಬಳಲಿಕೆ ಇದ್ದಂತೆಯೂ ಇತ್ತು. ಗೊತ್ತಾಗುವ ದಾರಿಯಿಲ್ಲ, ಇಳಿಬಿಟ್ಟು ನೋಡಲು ಇದಕ್ಕೆ ದಾರವಿಲ್ಲ. ಹೌದ್ರಿ, ಸೋಮಾರ ನೋಡ್ರಿ, ನನಗ ನೆನಪೇ ಇಲ್ಲ ಎಂದು ಹೇಳಿ ಕಪ್ಪನ್ನು ಒಳಗೆ ಒಯ್ಯುವುದು ಅವಳಿಗೆ ಗೊತ್ತಿತ್ತು. ಆ ಮಾತು ಸಿದ್ಧವಾಗಿಯೇ ಬಾಯಿಗೆ ಬಂದಿತ್ತು. ನೆಲ ಕೊಟ್ಟಿದ್ದಾರೆ, ಒಂದೇ ದಿನದಲ್ಲಿ ಎಷ್ಟು ಕೇಳುವುದು.

ಸಂಗಮ್ಮ ಹೊಸ್ತಿಲ ಬಳಿ ಒಂದು ಕಾಲಿಗೆ ಚಪ್ಪಲಿ ಮೆಟ್ಟಿ, ಇನ್ನೊಂದನ್ನು ಕಾಲಿನಿಂದಲೇ ಹುಡುಕುತ್ತಿದ್ದರು. ಅಂಬಿಕಾ ಬಾಗಿಲ ಪಕ್ಕದಿಂದ ಮುಂದೆ ಬಂದಳು. ಬಗ್ಗಿ, ತಿರುವಿ ಬಿದ್ದಿದ್ದ ಚಪ್ಪಲಿಯನ್ನು ನೆಟ್ಟಗೆ ಮಾಡಿ ಇಟ್ಟಳು. ಆಮೇಲೆ ಎದ್ದು ನಿಂತು, ಮುದುಕಿಯ ಮುಖವನ್ನು ನೇರವಾಗಿ ನೋಡಿದಳು. ಪ್ರಶ್ನೆ ಬರುತ್ತಿದೆ ಎಂದು ಭಾರತಿಗೆ ಗೊತ್ತಾಯಿತು. ತಾನು ಉತ್ತರಗಳನ್ನು ಕೂಡಿಟ್ಟುಕೊಂಡು ಕಾದದ್ದೆಲ್ಲ ತನ್ನನ್ನು ಕೇಳುತ್ತಾಳೆಂದು; ಕೇಳಬೇಕಾದದ್ದು ಬೇರೆಯವರನ್ನೆಂದು ಈ ಹುಡುಗಿಗೆ ಹೊಳೆದಿತ್ತು. ಭಾರತಿ ಅವಳ ಹೆಸರು ಕರೆಯಲಿಲ್ಲ, ಕಣ್ಣು ಮಾಡಲಿಲ್ಲ. ಎಷ್ಟೋ ದಿನದ ಮೇಲೆ ಎದೆಯಲ್ಲಿ ಉಸಿರಿಗೆ ಜಾಗವಾದಂತೆ ನಿಂತು ಕಿವಿಗೊಟ್ಟಳು.

"ಅಜ್ಜಿ, ನಾಳೆ ಮಂಗಳಾರ ಅಲ್ಲೇನ್ರಿ," ಎಂದಳು ಅಂಬಿಕಾ. "ನಾಳೆ ಬಂದು ನಮ್ಮ ಮನ್ಯಾಗ ಚಾ ಕುಡೀತೀರೇನ್ರಿ?"